ಮುಚ್ಚಳ ಮುಚ್ಚಿದ ಆರೋಪ

ನನ್ನನ್ನು ಕೆಲಸದಿಂದ ಅಮಾನತು ಮಾಡಿದ್ದು ಒಂದು ಲ್ಯಾಪ್‌ಟಾಪ್. ಇದನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸುತ್ತಾರೆ. ಮೇಲಧಿಕಾರಿಯ ಜೊತೆ ಜಗಳ ಆಡಿದ್ದರೆ, ಯಾವನಾದರೂ ವ್ಯಾಪಾರಿ ನನ್ನ ಕೈ ಬಿಸಿ ಮಾಡಿದ್ದರೆ, ಆಗಿದ್ದಾಯಿತು ಎಂದು ಹಣೆ ಚಚ್ಚಿಕೊಂಡು ಸುಮ್ಮನಿರುತ್ತಿದ್ದೆ. ನಾನು ಮಾಡಿದ್ದು ಇಷ್ಟೆ: ಮುಚ್ಚಳ ಮುಚ್ಚಿದೆ.

ನಾನು ಅಳತೆ-ತೂಕದ ಕಚೇರಿಯಲ್ಲಿ ಇನ್ಸ್‌ಪೆಕ್ಟರ್. ಮಾರುಕಟ್ಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗಿ, ತೂಕದ ಯಂತ್ರದ ಮೇಲೆ ನಮ್ಮ ಹಿತ್ತಾಳೆಯ ಬಟ್ಟುಗಳನ್ನಿಟ್ಟು ನೋಡುವುದು, ಸರಿಯಿದ್ದರೆ ಮುದ್ರೆ ಒತ್ತುವುದು, ಮೋಸವಿದ್ದರೆ ಯಂತ್ರವನ್ನು ಅಲ್ಲೇ ಜಪ್ತಿ ಮಾಡುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷದಿಂದ ಮಾಡುತ್ತಿದ್ದೇನೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಾರುಕಟ್ಟೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಾನು ಬೀದಿಯ ಆ ತುದಿಯಲ್ಲಿ ಕಾಣಿಸಿಕೊಂಡರೆ ಈ ತುದಿಯಲ್ಲಿ ತಕ್ಕಡಿಯ ಮುಳ್ಳು ತಾನಾಗಿ ನೆಟ್ಟಗಾಗುತ್ತದೆ. ಈ ಕೆಲಸ ನನಗೆ ಇಷ್ಟ. ಅಡುಗೆಗಿಂತ, ಟೀವಿಗಿಂತ, ಕೆಲವು ದಿನ ಗಂಡನಿಗಿಂತಲೂ ಇಷ್ಟ.

ಎಲ್ಲ ಶುರುವಾಗಿದ್ದು ನಮ್ಮ ಸಾಹೇಬರಿಗೆ ಮುಕ್ತ ತಂತ್ರಾಂಶದ ಹುಚ್ಚು ಹಿಡಿದಾಗ. ಹುಚ್ಚು ಹಿಡಿಸಿದವನು ನನ್ನ ಮೈದುನ. ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ತಿದ್ದಬಹುದಾದ, ಪುಕ್ಕಟೆ ಹಂಚಬಹುದಾದ ಆಪರೇಟಿಂಗ್ ಸಿಸ್ಟಮ್ ಒಂದಿದೆ, ಅದು ಬಂದರೆ ಕಚೇರಿ ಉದ್ಧಾರವಾಗುತ್ತದೆ ಎಂದು ಅವನು ಸಾಹೇಬರ ಕಿವಿಯಲ್ಲಿ ಊದಿದ. ಪುಕ್ಕಟೆ ಎಂಬ ಒಂದೇ ಮಾತಿಗೆ ಸಾಹೇಬರು ಮರುಳಾದರು. ಮೂವರು ಇನ್ಸ್‌ಪೆಕ್ಟರುಗಳ ಲ್ಯಾಪ್‌ಟಾಪಿಗೂ ಅದು ಬಂತು. ಪ್ರತಿ ಯಂತ್ರಕ್ಕೂ ಹೆಸರು ಕೊಡಬೇಕಿತ್ತು. ನನ್ನದಕ್ಕೆ 'ಇನ್ಸ್‌ಪೆಕ್ಟರ್-ಮೂರು' ಎಂದು ಹೆಸರಿಟ್ಟರು. ಯಾವ ಯಂತ್ರ ಯಾವಾಗ ಏನು ಮಾಡುತ್ತಿದೆ ಎಂಬ ವರದಿ, ನಮ್ಮ ಫೋನಿನ ವೈಫೈ ಹಿಡಿದು, ತಾನಾಗಿ ಪ್ರಧಾನ ಕಚೇರಿಗೆ ಹೋಗುವಂತೆಯೂ ಮಾಡಿಸಿದರು. ಉಳಿದಿಬ್ಬರು ಇನ್ಸ್‌ಪೆಕ್ಟರುಗಳು ಜಾಣರು. ತಮ್ಮ ಲ್ಯಾಪ್‌ಟಾಪನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಮೊದಲಿನ ಹಾಗೇ ಪೆನ್ನು ಹಿಡಿದು ಹೊರಟರು.

ಈ ಸಿಸ್ಟಮ್‌ನಲ್ಲಿ ಕಾಣುವ ಮಾತುಗಳನ್ನೆಲ್ಲ ಕನ್ನಡಕ್ಕೆ ತಂದವರು ನಮ್ಮ ಹೆಡ್‌ಕ್ಲರ್ಕ್. ಯಾರು ಬೇಕಾದರೂ ಅನುವಾದ ಮಾಡಬಹುದು ಎಂದು ಮೈದುನ ಹೇಳಿದ್ದೇ ತಡ, ಅವರು ಊಟದ ವಿರಾಮದಲ್ಲಿ ಕೂತು ಶುರುಹಚ್ಚಿಕೊಂಡರು. ಪದಗಳು ಒಂದೊಂದಾಗಿ ಬರುತ್ತಿದ್ದವು. ಎಲ್ಲಿಯ ಪದ, ಯಾತಕ್ಕೆ ಎಂದು ಯಾರೂ ಹೇಳುತ್ತಿರಲಿಲ್ಲ. 'ಸಸ್ಪೆಂಡ್' ಎಂದು ಬಂತು. ಮೂವತ್ತು ವರ್ಷ ಸಿಬ್ಬಂದಿಯ ಕಡತಗಳ ನಡುವೆ ಕೂತವರಿಗೆ ಅದಕ್ಕೆ ಬೇರೆ ಅರ್ಥ ಹೊಳೆಯುವುದುಂಟೆ? 'ಅಮಾನತು' ಎಂದು ಬರೆದರು. 'ಹೈಬರ್ನೇಟ್' ಎಂದರೆ ಕರಡಿ ಇಡೀ ಚಳಿಗಾಲ ಗುಹೆಯಲ್ಲಿ ಮಲಗುವುದು ಎಂದು ನಿಘಂಟು ಹೇಳಿತು. ಅವರು ಸ್ವಲ್ಪ ಯೋಚಿಸಿ 'ದೀರ್ಘ ರಜೆ' ಎಂದರು. ಯಂತ್ರ ನಿದ್ದೆಯಿಂದ ಏಳುವುದು 'ಮರುನೇಮಕ' ಆಯಿತು, ಹೊಸದಾಗಿ ಶುರುವಾಗುವುದು 'ಹೊಸ ನೇಮಕ' ಆಯಿತು, ಪೂರ್ತಿ ಆರಿಸುವುದು 'ನಿವೃತ್ತಿ' ಆಯಿತು. ಅನುವಾದ ಅಂದರೆ ಹೀಗಿರಬೇಕು, ನಮ್ಮವರಿಗೆ ತಟ್ಟನೆ ಅರ್ಥವಾಗಬೇಕು ಎಂದು ಸಾಹೇಬರು ಬೆನ್ನು ತಟ್ಟಿದರು.

ನನಗೆ ಪದಗಳ ಚಿಂತೆ ಇರಲಿಲ್ಲ. ನನ್ನ ಚಿಂತೆ ಬ್ಯಾಗಿನದು. ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ಮಲಗಬೇಕು ತಾನೆ? ಇದು ಮಲಗುತ್ತಿರಲಿಲ್ಲ. ಮುಚ್ಚಿ ಬ್ಯಾಗಿಗೆ ಹಾಕಿ ಮುಂದಿನ ಬೀದಿಗೆ ಹೋಗುವಷ್ಟರಲ್ಲಿ ಒಳಗೆ ಫ್ಯಾನು ಗೊರಗೊರ ಎನ್ನುತ್ತಿತ್ತು, ಬೆನ್ನಿಗೆ ಇಸ್ತ್ರಿಪೆಟ್ಟಿಗೆ ಕಟ್ಟಿಕೊಂಡ ಹಾಗೆ ಬಿಸಿ ತಟ್ಟುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಖಾಲಿಯಾಗಿ ಸತ್ತುಬೀಳುತ್ತಿತ್ತು. ವ್ಯಾಪಾರಿಯ ಎದುರು ಬಟ್ಟು ಇಟ್ಟು, ಅಂಕಿ ಬರೆಯೋಣ ಎಂದು ತೆರೆದರೆ ಕಪ್ಪು ಪರದೆ. ಅವನ ತುಟಿಯಂಚಿನ ನಗು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಭಾನುವಾರ ಮೈದುನನನ್ನು ಮನೆಗೆ ಕರೆಸಿ, ಊಟದ ಮೇಜಿನ ಮೇಲೆ ಯಂತ್ರವನ್ನಿಟ್ಟು, ಇದು ಮಲಗುವವರೆಗೂ ಜಾಗ ಬಿಟ್ಟು ಏಳಕೂಡದು ಎಂದೆ. ಅವನು ಪರದೆಯಲ್ಲಿ ಕಪ್ಪು ಕಿಟಕಿ ತೆರೆದು ಬಿಳಿ ಅಕ್ಷರ ಸುರಿಸಿಕೊಂಡು, ತಲೆ ಕೆರೆದುಕೊಂಡು ಕೊನೆಗೆ ಹೇಳಿದ:

"ಅತ್ತಿಗೆ, ಇದು ಮಲಗ್ತಾನೇ ಇಲ್ಲ. ಬರೀ ತೂಕಡಿಸ್ತಾ ಇದೆ."

"ತೂಕದ ಕಚೇರಿ ಯಂತ್ರ ಅಲ್ವೇನಯ್ಯಾ, ಇನ್ನೇನು ಮಾಡುತ್ತೆ?"

"ತಮಾಷೆ ಅಲ್ಲ. ನಿದ್ದೆಯಲ್ಲಿ ಎರಡು ಥರ. ಒಂದು ತೂಕಡಿಕೆ, ಇನ್ನೊಂದು ಗಾಢ ನಿದ್ದೆ. ಇದಕ್ಕೆ ತೂಕಡಿಕೆ ಸಾಕು ಅಂತ ಯಾರೋ ಹೇಳಿಟ್ಟಿದ್ದಾರೆ. ಜೊತೆಗೆ ಈ ಮೌಸ್ ಇದೆಯಲ್ಲ, ಇದಕ್ಕೆ ವೈರಿಲ್ಲ, ಅದರ ಬದಲು ಈ ಪುಟ್ಟ ಗುಬುಟು ಸಿಕ್ಕಿಸೇ ಇಟ್ಟಿದ್ದೀರಿ. ಬ್ಯಾಗ್ ಅಲ್ಲಾಡಿದ್ರೆ ಮೌಸ್ ಅಲ್ಲಾಡುತ್ತೆ, ಮೌಸ್ ಅಲ್ಲಾಡಿದ್ರೆ ಇದು ಎದ್ದು ಕೂರುತ್ತೆ."

"ನಿಮ್ಮ ಅಣ್ಣನ ಹಾಗೆ," ಎಂದರು ನಮ್ಮತ್ತೆ ಸೋಫಾದಿಂದ. "ಚಿಕ್ಕವನಿದ್ದಾಗ ಅವನೂ ಹಾಗೇ. ಬಾಗಿಲು ಕಿರ್ ಅಂದ್ರೆ ಸಾಕು, ಎದ್ದು ಕೂರೋನು. ಕೋಣೆ ಕತ್ತಲೆ ಮಾಡಿ ನೋಡೋ."

ಮೈದುನ ಕೋಣೆ ಕತ್ತಲೆ ಮಾಡಲಿಲ್ಲ. ಮೌಸಿನ ಗುಬುಟು ಎಬ್ಬಿಸಬಾರದು ಎಂದು ಒಂದು ಸಾಲು ಬರೆದ, ತೂಕಡಿಕೆ ಎಂದಿದ್ದಲ್ಲಿ ಗಾಢ ಎಂದು ತಿದ್ದಿದ, ಮುಚ್ಚಳ ಮುಚ್ಚಿದ. ನಾವು ಮೂವರೂ ಬಾಗಿ ಕಿವಿಯಿಟ್ಟೆವು. ಫ್ಯಾನು ಒಂದು ಸಲ ನಿಟ್ಟುಸಿರು ಬಿಟ್ಟು ನಿಂತುಹೋಯಿತು. ಬದಿಯ ಪುಟ್ಟ ದೀಪ ನಿಧಾನವಾಗಿ ಹತ್ತಿ, ನಿಧಾನವಾಗಿ ಆರಿ, ಮತ್ತೆ ಹತ್ತಿತು. ಅತ್ತೆ ತುಟಿಯ ಮೇಲೆ ಬೆರಳಿಟ್ಟು, ಯಾರೂ ಮಾತಾಡಬೇಡಿ ಎಂದು ಸನ್ನೆ ಮಾಡಿದರು. ಅದು ಏಳುತ್ತದೆಯೋ ಇಲ್ಲವೋ ಎಂದು ಮಾತ್ರ ನಾವ್ಯಾರೂ ನೋಡಲಿಲ್ಲ. ಅಂತೂ ಇಂತೂ ಮಲಗಿದ ಮಗುವನ್ನು, ಏಳುತ್ತದೆಯೇ ನೋಡೋಣ ಎಂದು ಯಾರು ತಟ್ಟುತ್ತಾರೆ?

ಸೋಮವಾರ ಕಚೇರಿಗೆ ಹೋದರೆ ಹೆಡ್‌ಕ್ಲರ್ಕ್ ಬಾಗಿಲಲ್ಲೇ ನಿಂತಿದ್ದರು. ಮುಖ ಸಣ್ಣದಾಗಿತ್ತು.

"ಮೇಡಮ್, ಒಳಗೆ ಬರಬೇಡಿ. ನೀವು ಸಸ್ಪೆಂಡ್ ಆಗಿದ್ದೀರಿ."

"ಯಾರು ಮಾಡಿದ್ದು?"

"ನೀವೇ ಅಂತ ಕಾಣುತ್ತೆ."

ಸಾಹೇಬರ ಎದುರು ಕೂರಿಸಿ ವಿವರಿಸಿದರು. ಇಷ್ಟು ದಿನ ನಾನು ಮುಚ್ಚಳ ಮುಚ್ಚಿದಾಗಲೆಲ್ಲ, ಯಂತ್ರ ಮಲಗಲಾರದೆ, 'ಇನ್ಸ್‌ಪೆಕ್ಟರ್-ಮೂರು: ಅಮಾನತು ವಿಫಲ' ಎಂದು ವರದಿ ಕಳಿಸುತ್ತಿತ್ತಂತೆ. ದಿನಕ್ಕೆ ಹತ್ತು ಹದಿನೈದು ಸಲ. ಪ್ರಧಾನ ಕಚೇರಿಯಲ್ಲಿ ಗುಸುಗುಸು ಎದ್ದಿತ್ತು. ಒಬ್ಬ ಹೆಂಗಸನ್ನು ಇಷ್ಟು ಸಲ ಅಮಾನತು ಮಾಡಲು ಹೋಗಿ ಸೋತಿದ್ದಾರೆಂದರೆ ಅವಳ ಬೆನ್ನಿಗೆ ಎಂಥ ದೊಡ್ಡವರಿರಬೇಕು ಎಂದು ಅಲ್ಲಿ ನನ್ನ ಹೆಸರು ಹೇಳಲೂ ಹೆದರುತ್ತಿದ್ದರಂತೆ. ಕೊನೆಗೆ ಭಾನುವಾರ ಸಂಜೆ ವರದಿ ಬಂತು: 'ಇನ್ಸ್‌ಪೆಕ್ಟರ್-ಮೂರು: ಅಮಾನತು ಯಶಸ್ವಿ. ಕಾರಣ: ಮುಚ್ಚಳ ಮುಚ್ಚಲಾಗಿದೆ.' ಅಲ್ಲಿಯವರು ನಿಟ್ಟುಸಿರು ಬಿಟ್ಟು, ಬೆಳಗಾಗುವುದರೊಳಗೆ ಆದೇಶ ಹೊರಡಿಸಿದರು. ನಮ್ಮ ಇಲಾಖೆಯ ಇತಿಹಾಸದಲ್ಲೇ ಯಾವ ಕಡತವೂ ಅಷ್ಟು ಚುರುಕಾಗಿ ಓಡಿದ್ದಿಲ್ಲ.

"ಸಾರ್, ಇದು ಯಂತ್ರದ ನಿದ್ದೆ," ಎಂದೆ. "ಅವರಿಗೆ ಫೋನ್ ಮಾಡಿ ಹೇಳಿ."

"ಹೇಳಿದೆ ಕಣಮ್ಮಾ. ಹಾಗಾದ್ರೆ ಅಮಾನತು ಅಂತ ಯಾಕೆ ಬರೆದಿದ್ದೀರಿ ಅಂದ್ರು."

ನಾನು ಹೆಡ್‌ಕ್ಲರ್ಕ್ ಕಡೆ ತಿರುಗಿದೆ. ಅವರು ಕನ್ನಡಕ ಒರೆಸಿಕೊಂಡರು. "ಪದ ಸರಿಯಾಗೇ ಇದೆ ಮೇಡಮ್. ನಿಘಂಟು ತೆಗೆದು ನೋಡಿ. ತಪ್ಪಿರೋದು ಯಂತ್ರದಲ್ಲಿ."

ದಾರಿ ಒಂದೇ ಇತ್ತು. ಯಂತ್ರ ಎದ್ದರೆ 'ಮರುನೇಮಕ' ಎಂದು ವರದಿ ಹೋಗುತ್ತದೆ, ಆದೇಶ ತಾನಾಗಿ ರದ್ದಾಗುತ್ತದೆ. ಇಷ್ಟೇ ತಾನೆ ಎಂದು ಬ್ಯಾಗಿನಿಂದ ತೆಗೆದು ಮುಚ್ಚಳ ತೆರೆದೆ. ಮಿಣುಕುತ್ತಿದ್ದ ದೀಪ ಮಿಣುಕು ಬಿಟ್ಟು ನಿಂತು ಉರಿಯಿತು. ಪರದೆ ಕಪ್ಪಗೇ ಇತ್ತು. ಗುಂಡಿ ಒತ್ತಿದೆ, ಕೀಲಿಮಣೆಯ ಮೇಲೆ ಅಂಗೈಯಾಡಿಸಿದೆ, ಅದರ ತಲೆಗೆ ಎರಡು ತಟ್ಟಿದೆ. ಕಪ್ಪು. ಮೈದುನನಿಗೆ ಫೋನ್ ಮಾಡಿದರೆ, ಪವರ್ ಗುಂಡಿ ಒತ್ತಿ ಹಿಡಿದುಕೊಳ್ಳಿ ಅತ್ತಿಗೆ, ಆರಿಹೋಗುತ್ತೆ, ಮತ್ತೆ ಹೊಸದಾಗಿ ಶುರು ಮಾಡಿ ಎಂದ. ನಾನು ಬೆರಳು ಇಡುವಷ್ಟರಲ್ಲಿ ಹೆಡ್‌ಕ್ಲರ್ಕ್ ನನ್ನ ಮಣಿಕಟ್ಟು ಹಿಡಿದುಕೊಂಡರು. ಮೂವತ್ತು ವರ್ಷದಲ್ಲಿ ಅವರು ಯಾರ ಕೈಯನ್ನೂ ಹಿಡಿದವರಲ್ಲ.

"ಹೊಸದಾಗಿ ಶುರು ಮಾಡಿದ್ರೆ ಹೊಸ ನೇಮಕ ಅಂತ ವರದಿ ಹೋಗುತ್ತೆ. ಗೊತ್ತಾಯ್ತಾ?"

"ಬ್ಯಾಟರಿ ಸತ್ತು ಎಷ್ಟೋ ಸಲ ಹೊಸದಾಗಿ ಶುರು ಮಾಡಿಲ್ವೇನ್ರೀ?"

"ಆಗ ಹುದ್ದೆಯಲ್ಲಿ ನೀವಿದ್ರಿ. ಇದ್ದ ಹುದ್ದೆಗೆ ಬಂದ ಹೊಸ ನೇಮಕ ಅಸಿಂಧು ಅಂತ ಅವರು ಪಕ್ಕಕ್ಕಿಟ್ರು. ಈಗ ಹುದ್ದೆ ಖಾಲಿ ಇದೆ. ಈಗ ಬಂದ್ರೆ ಸಿಂಧು. ನೀವು ಇವತ್ತು ಕೆಲಸಕ್ಕೆ ಸೇರಿದ ಹಾಗೆ. ಹತ್ತೊಂಬತ್ತು ವರ್ಷ ಹೋಯ್ತು."

ಹತ್ತೊಂಬತ್ತು ವರ್ಷ ನಾನು ಸವೆಸಿದ ಚಪ್ಪಲಿ, ತಿಂದ ಧೂಳು, ವ್ಯಾಪಾರಿಗಳಿಂದ ಕೇಳಿಸಿಕೊಂಡ ಬೈಗುಳ ಎಲ್ಲವೂ ಈಗ ಏಳಲೊಲ್ಲದ ಒಂದು ಪೆಟ್ಟಿಗೆಯ ಜ್ಞಾಪಕದಲ್ಲಿತ್ತು. ಬ್ಯಾಟರಿ ಮುಗಿದರೆ ಅದೂ ಮುಗಿಯಿತು. ಸಾಹೇಬರು ಕೂಡಲೇ ಎದ್ದು ತಮ್ಮ ಮೇಜಿನ ಫ್ಯಾನಿನ ಪ್ಲಗ್ಗು ಕಿತ್ತು ಯಂತ್ರದ ಚಾರ್ಜರ್ ಸಿಕ್ಕಿಸಿದರು. ಇದನ್ನು ನಾನು ಎಂದೂ ಮರೆಯುವುದಿಲ್ಲ; ಒಳ್ಳೆಯ ಮನುಷ್ಯ, ಬುದ್ಧಿ ಮಾತ್ರ ಕಮ್ಮಿ.

ಯಂತ್ರವನ್ನು ಪ್ರಮಾಣ ತೂಕಗಳ ಕೋಣೆಗೆ ಸಾಗಿಸಿದರು. ನಮ್ಮ ಬಟ್ಟುಗಳನ್ನೆಲ್ಲ ಯಾವ ಬಟ್ಟುಗಳ ಜೊತೆ ಹೋಲಿಸಿ ನೋಡುತ್ತೇವೋ ಆ ಮೂಲ ಬಟ್ಟುಗಳು ಅಲ್ಲಿ ಗಂಟೆಯಾಕಾರದ ಗಾಜಿನ ಹೊದಿಕೆಯೊಳಗೆ ಇರುತ್ತವೆ. ಬಿಸಿಲು, ಗಾಳಿ, ಧೂಳು ತಾಗಬಾರದೆಂದು ಆ ಕೋಣೆಗೆ ಕಿಟಕಿಯೇ ಇಲ್ಲ. ಅವುಗಳ ಪಕ್ಕದಲ್ಲಿ ನನ್ನ ಲ್ಯಾಪ್‌ಟಾಪು, ಕಪ್ಪು ಮುಖ ಹೊತ್ತುಕೊಂಡು ಕೂತಿತು. ಪ್ಲಗ್ಗನ್ನು ಯಾರೂ ಮುಟ್ಟದಂತೆ ಹೆಡ್‌ಕ್ಲರ್ಕ್ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಪದ ಸರಿ ಎಂದು ಹಟ ಹಿಡಿದ ಮನುಷ್ಯನೇ ಪ್ಲಗ್ಗಿನ ಪಕ್ಕ ಕುರ್ಚಿ ಹಾಕಿಕೊಂಡು ಊಟ ಮಾಡುತ್ತಿದ್ದದ್ದು ನೋಡಿ, ಬೈಯಲು ಬಾಯಿ ಬರಲಿಲ್ಲ.

ಮಂಗಳವಾರ ವಿಚಾರಣೆ ನಡೆಯಿತು. ಅಮಾನತು ಆದ ಮೇಲೆ ವಿಚಾರಣೆ ಆಗಲೇಬೇಕು, ಅದು ನಿಯಮ. ಪ್ರಧಾನ ಕಚೇರಿಯಿಂದ ಬಂದ ಅಧಿಕಾರಿ ತುಂಬ ಸಭ್ಯರು.

"ಮುಚ್ಚಳ ಮುಚ್ಚಿದ್ದು ನಿಜಾನಾ?"

"ನಿಜ."

"ಯಾಕೆ ಮುಚ್ಚಿದ್ರಿ?"

"ಮಲಗಲಿ ಅಂತ."

"ಯಾರು ಮಲಗಲಿ ಅಂತ?"

"ಇನ್ಸ್‌ಪೆಕ್ಟರ್-ಮೂರು ಮಲಗಲಿ ಅಂತ."

ಅವರು ಪೆನ್ನು ಕೆಳಗಿಟ್ಟು ನನ್ನನ್ನು ಮರುಕದಿಂದ ನೋಡಿದರು. "ಕೆಲಸದ ಹೊತ್ತಿನಲ್ಲಿ?" ಎಂದರು. ಸಾಹೇಬರು ಕೆಮ್ಮಿದರು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಇನ್ನೊಂದು ಮಾತಾಡಿದ್ದರೆ 'ದೋಷಾರೋಪ ಒಪ್ಪಿಕೊಂಡಿದ್ದಾರೆ' ಎಂದು ಬರೆದುಕೊಳ್ಳುತ್ತಿದ್ದರು. ವಿಚಾರಣೆ ಮುಂದೂಡಿದರು.

ಬುಧವಾರ ಮನೆಯಲ್ಲಿ ಕೂತು ತಲೆ ಕೆಟ್ಟುಹೋಯಿತು. ಅತ್ತೆ ಯಾರಿಗೂ ಹೇಳುವುದಿಲ್ಲ ಎಂದು ಆಣೆಯಿಟ್ಟು, ಇಡೀ ಬೀದಿಗೆ ಹೇಳಿ ಬಂದಿದ್ದರು. ನಾನು ಚೀಲ ತೆಗೆದುಕೊಂಡು ಮಾರುಕಟ್ಟೆಗೆ ಹೋದೆ. ಈರುಳ್ಳಿ ಅಂಗಡಿಯವನು, ಹತ್ತೊಂಬತ್ತು ವರ್ಷ ನನ್ನ ಎದುರು ಗ್ರಾಂ ಕೂಡ ಆಚೀಚೆ ಮಾಡದವನು, ಬಹಳ ಪ್ರೀತಿಯಿಂದ ಮಾತಾಡಿಸುತ್ತ ತೂಗಿಕೊಟ್ಟ. ಚೀಲ ಕೈಗೆ ಬಂದ ಕೂಡಲೇ ಗೊತ್ತಾಯಿತು, ಕಮ್ಮಿ ಇದೆ. ನಾನು ಅವನ ಮುಖ ನೋಡಿದೆ. ಅವನಿಗೂ ಗೊತ್ತಿತ್ತು, ನನಗೆ ಗೊತ್ತಾಗಿದೆ ಎಂದು. "ಇನ್ನೇನಾದ್ರೂ ಬೇಕೇನಕ್ಕಾ?" ಎಂದ. ಅಷ್ಟು ವರ್ಷ ಮೇಡಮ್ ಎನ್ನುತ್ತಿದ್ದವನು ಅಕ್ಕಾ ಎಂದ. ದುಡ್ಡು ಎಣಿಸಿಕೊಟ್ಟು ಹೊರಟೆ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಯಾವ ವಿಚಾರಣೆಯೂ, ಯಾವ ಆದೇಶವೂ ಅಳಿಸದ ನನ್ನನ್ನು ಒಂದು ಹಿಡಿ ಈರುಳ್ಳಿ ಅಳಿಸಿಬಿಟ್ಟಿತು.

ಗುರುವಾರ ಬೆಳಗ್ಗೆ ವಿಚಾರಣೆಗೆಂದು ಮತ್ತೆ ಕರೆಸಿದ್ದರು. ನಾನು ಸಾಹೇಬರ ಕೋಣೆಯ ಬಾಗಿಲಲ್ಲಿ ನಿಂತಿದ್ದೆ, ಕರೆಂಟ್ ಹೋಯಿತು. ಇಡೀ ಕಚೇರಿ 'ಅಯ್ಯೋ' ಎಂದಿತು. ಪ್ರಮಾಣ ತೂಕಗಳ ಕೋಣೆಯಿಂದ ಹೆಡ್‌ಕ್ಲರ್ಕ್ ಕೂಗು ಕೇಳಿಸಿತು: "ಮೇಡಮ್! ಬ್ಯಾಟರಿ ಮೇಲೆ ಬಂತು, ಮೇಡಮ್!" ಅಮಾನತು, ಒಳಗೆ ಬರಬಾರದು ಎಂಬುದನ್ನೆಲ್ಲ ಮರೆತು ಓಡಿದೆ. ಕಿಟಕಿಯಿಲ್ಲದ ಕೋಣೆ, ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ ಕತ್ತಲೆ. ಹೆಡ್‌ಕ್ಲರ್ಕ್ ಮೊಬೈಲಿನ ಟಾರ್ಚು ಹಚ್ಚಿ ಪ್ಲಗ್ಗು, ವೈರು, ಯಂತ್ರ ಎಂದು ಆಡಿಸುತ್ತಿದ್ದರು. ಬೆಳಕು ಪರದೆಯ ಮೇಲೆ ಓರೆಯಾಗಿ ಬಿತ್ತು.

"ತಡೀರಿ," ಎಂದೆ. "ಅಲ್ಲೇ ಹಿಡೀರಿ."

ಕಪ್ಪು ಪರದೆಯ ಒಳಗೆ, ಬಾವಿಯ ತಳದಲ್ಲಿ ಕಾಣುವಂತೆ, ಮಸುಕು ಅಕ್ಷರಗಳಿದ್ದವು. ಯಂತ್ರ ಎದ್ದೇ ಇತ್ತು. ಪರದೆಯ ಹಿಂದಿನ ದೀಪ ಮಾತ್ರ ಹತ್ತಿರಲಿಲ್ಲ. ನಾನು ಮೂಗು ತಾಗಿಸಿ ಓದಿದೆ: 'ಇನ್ಸ್‌ಪೆಕ್ಟರ್-ಮೂರು: ಮರುನೇಮಕ ಯಶಸ್ವಿ.' ಕೆಳಗೆ ಇನ್ನೂ ಸಣ್ಣಗೆ: 'ವೈಫೈ ಇಲ್ಲ. ವರದಿ ಕಳಿಸಲು ಕಾಯಲಾಗುತ್ತಿದೆ.' ತಾರೀಕು ಸೋಮವಾರದ್ದು. ನಾನು ಮುಚ್ಚಳ ತೆರೆದ ಆ ಗಳಿಗೆಯದು.

ನಾನು ಹೆಡ್‌ಕ್ಲರ್ಕ್‌ರನ್ನು ತಬ್ಬಿಕೊಳ್ಳುವುದೊಂದು ಬಾಕಿ. ಸೋಮವಾರದಿಂದಲೇ ನಾನು ಕೆಲಸದಲ್ಲಿದ್ದೆ! ಯಾರಿಗೂ ಕಾಣಿಸಿರಲಿಲ್ಲ, ಅಷ್ಟೆ. ಅಷ್ಟರಲ್ಲಿ ಸಾಹೇಬರು ಬಂದು, ಟಾರ್ಚಿನ ಬೆಳಕಲ್ಲಿ ಬಾಗಿ ಓದಿ, ನೆಟ್ಟಗಾದರು. ಅವರ ಮುಖದಲ್ಲಿ ಮೊದಲು ಸಂತೋಷ ಕಂಡಿತು. ಆಮೇಲೆ ಅವರು ಯೋಚಿಸಿದರು. ಅವರು ಯೋಚಿಸಿದಾಗಲೆಲ್ಲ ನನಗೆ ಗಂಡಾಂತರ.

"ಸೋಮವಾರದಿಂದ ನೀವು ಕೆಲಸದಲ್ಲಿದ್ದೀರಿ ಅಂತಾಯ್ತು."

"ಹೌದು ಸಾರ್!"

"ಹಾಗಾದ್ರೆ ಇಷ್ಟು ದಿನ ಎಲ್ಲಿಗೆ ಹೋಗಿದ್ರಿ?"

ಅನುಮತಿಯಿಲ್ಲದ ಗೈರುಹಾಜರಿ. ಅಮಾನತಿಗಿಂತ ಅದು ದೊಡ್ಡ ತಪ್ಪಂತೆ. ಅಮಾನತು ಆದವನಿಗೆ ಕನಿಷ್ಠ ವಿಚಾರಣೆಯ ಭಾಗ್ಯ ಇದೆ, ಗೈರುಹಾಜರಾದವನನ್ನು ನೇರ ವಜಾ ಮಾಡಬಹುದು. ಕತ್ತಲೆಯಲ್ಲಿ ನನಗೆ ನಗು ಬಂತು. ಮೂಲ ಬಟ್ಟುಗಳ ಗಾಜಿನ ಗಂಟೆ ಅಲ್ಲಾಡುವ ಹಾಗೆ ನಕ್ಕೆ. ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು.

ಆಗ ಹೆಡ್‌ಕ್ಲರ್ಕ್ ಮೆಲ್ಲಗೆ, "ದೀರ್ಘ ರಜೆ ಇದೆಯಲ್ಲ ಸಾರ್," ಎಂದರು. "ದೀರ್ಘ ರಜೆ ಹಾಕಿದ್ರೆ ಹಿಂದಿನ ಗೈರುಹಾಜರಿ ಅದರಲ್ಲೇ ಸೇರಿಕೊಳ್ಳುತ್ತೆ. ನಿಯಮ ಇದೆ. ಸೇವೆಯೂ ಉಳಿಯುತ್ತೆ." ಅವರೇ ಇಟ್ಟ ಪದ. ದೀರ್ಘ ರಜೆಯಿಂದ ಯಂತ್ರ ಎದ್ದರೆ 'ಕೆಲಸಕ್ಕೆ ಹಾಜರು' ಎಂದು ವರದಿ ಹೋಗುವಂತೆಯೂ ಅವರೇ ಬರೆದಿದ್ದರು.

ಕರೆಂಟ್ ಬಂತು. ಮೈದುನನನ್ನು ಕರೆಸಿದೆವು. ಅವನು ಬಂದು, ವಿಷಯ ಕೇಳಿ, ಹಣೆಗೆ ಕೈಹೊತ್ತು ಮೂಲ ಬಟ್ಟುಗಳ ಪಕ್ಕ ಕೂತ.

"ಅತ್ತಿಗೆ, ಇದು ಸುಲಭ ಅಲ್ಲ. ಮಾಮೂಲಿ ನಿದ್ದೆಯಲ್ಲಿ ಎಲ್ಲ ತಲೆಯಲ್ಲೇ ಇರುತ್ತೆ. ದೀರ್ಘ ರಜೆಗೆ ಹೋಗೋವಾಗ ತಲೆಯಲ್ಲಿರೋದನ್ನೆಲ್ಲ ಡಿಸ್ಕ್ ಮೇಲೆ ಇಳಿಸಿ, ಪೂರ್ತಿ ಆರಿಹೋಗುತ್ತೆ. ಇಳಿಸೋಕೆ ಅಷ್ಟು ಜಾಗ ಮೊದಲೇ ಬಿಟ್ಟಿರಬೇಕು. ಬಿಟ್ಟಿಲ್ಲ."

"ಬಿಡು."

"ಬಿಡ್ತೀನಿ. ಅಷ್ಟೇ ಸಾಲದು. ಎದ್ದಾಗ ಎಲ್ಲಿ ಇಳಿಸಿಟ್ಟಿದ್ದೆ ಅಂತ ಅದಕ್ಕೆ ನೆನಪಿರೋಲ್ಲ. ಏಳೋಕೆ ಮುಂಚೆ ಓದ್ಕೊಳ್ಳೋ ಜಾಗದಲ್ಲಿ ವಿಳಾಸ ಬರೆದಿಡಬೇಕು. ವಿಳಾಸ ಒಂದಕ್ಷರ ತಪ್ಪಿದ್ರೂ ಏನೂ ಆಗದವನ ಹಾಗೆ ಹೊಸದಾಗಿ ಎದ್ದು, ನಮಸ್ಕಾರ, ನೀವ್ಯಾರು ಅನ್ನುತ್ತೆ."

"ಹೊಸ ನೇಮಕ," ಎಂದರು ಹೆಡ್‌ಕ್ಲರ್ಕ್.

ಅವನು ಅಕ್ಷರ ಕಾಣದ ಪರದೆಯ ಮೇಲೆ ಬರೆಯಬೇಕಿತ್ತು. ಹೆಡ್‌ಕ್ಲರ್ಕ್ ಟಾರ್ಚು ಹಿಡಿದರು. ನಾನು ಮೂಗು ತಾಗಿಸಿಕೊಂಡು ಒಂದೊಂದೇ ಅಕ್ಷರ ಓದಿ ಹೇಳಿದೆ, ಅವನು ಮತ್ತೆ ಹೇಳಿದ, ನಾನು ಮತ್ತೆ ನೋಡಿದೆ. ವಿಳಾಸ ಅರ್ಥವಿಲ್ಲದ ಅಕ್ಷರ ಅಂಕಿಗಳ ಒಂದು ಉದ್ದ ಸರ. ಬಟ್ಟು ಪರೀಕ್ಷೆ ಮಾಡುವಾಗಲೂ ನಾನು ಅಷ್ಟು ಉಸಿರು ಬಿಗಿಹಿಡಿದಿರಲಿಲ್ಲ. ಸಾಹೇಬರು ಬಾಗಿಲಲ್ಲಿ ನಿಂತು, ಯಾರೂ ಸೀನಬೇಡಿ ಎಂದು ಆಜ್ಞೆ ಮಾಡಿದರು.

"ಒತ್ತಲಾ?" ಎಂದ ಮೈದುನ.

"ತಪ್ಪಿದ್ರೆ?"

"ತಪ್ಪಿದ್ರೆ ನಮ್ಮಣ್ಣನಿಗೆ ನೀವೇ ಹೇಳಬೇಕು. ನಾನು ಮನೆಗೆ ಬರೋಲ್ಲ."

ಒತ್ತು ಎಂದೆ. 'ದೀರ್ಘ ರಜೆ ಮಂಜೂರಾಗಿದೆ' ಎಂದು ಟಾರ್ಚಿನ ಬೆಳಕಲ್ಲಿ ಕಂಡು ಮಾಯವಾಯಿತು. ಡಿಸ್ಕು ಗಿರಗಿರ ತಿರುಗಿತು. ನನ್ನ ಚಪ್ಪಲಿ, ಧೂಳು, ಬೈಗುಳ ಎಲ್ಲ ಒಂದೊಂದಾಗಿ ಇಳಿದುಹೋಗುತ್ತಿರುವ ಹಾಗೆ ನನಗೆ ಅನ್ನಿಸಿತು. ದೀಪ ಪೂರ್ತಿ ಆರಿತು. ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪವರ್ ಗುಂಡಿಯನ್ನು ನಾನೇ ಒತ್ತುತ್ತೇನೆ ಎಂದೆ. ನನ್ನ ವರ್ಷಗಳು, ನನ್ನ ಬೆರಳು.

ಪರದೆ ಬೆಳಗಿತು! ಬೆಳ್ಳಗೆ, ಝಗ್ಗನೆ. ಮೇಲೆ ಏನೇನೋ ಸಾಲುಗಳು ಓಡಿದವು. ಹೆಡ್‌ಕ್ಲರ್ಕ್ ಕಣ್ಣು ಮುಚ್ಚಿಕೊಂಡಿದ್ದರು. ಸಾಲುಗಳು ನಿಂತು, ಕಳೆದ ವಾರ ನಾನು ಅರ್ಧ ತುಂಬಿ ಬಿಟ್ಟಿದ್ದ ಪುಟ ಹಾಗ್ಹಾಗೇ ಬಂದು ನಿಂತಿತು. ಮೂಲೆಯಲ್ಲಿ ವೈಫೈ ಗುರುತು ಮೂಡಿತು. 'ಇನ್ಸ್‌ಪೆಕ್ಟರ್-ಮೂರು: ದೀರ್ಘ ರಜೆ ಮುಗಿದಿದೆ. ಕೆಲಸಕ್ಕೆ ಹಾಜರು. ವರದಿ ಕಳಿಸಲಾಗಿದೆ.'

ನನ್ನ ಕಣ್ಣಲ್ಲಿ ನೀರು ಬಂತು. ನಾಚಿಕೆಯಾಗಲಿಲ್ಲ. ಮೈದುನ ಕುಣಿಯುವುದೊಂದು ಬಾಕಿ. ಅವನು ತಿರುಗಿ, ಇನ್ನೊಂದೇ ಒಂದು ಸೆಟ್ಟಿಂಗು ಎಂದು ಕೀಲಿಮಣೆಯ ಮೇಲೆ ಕೈ ಇಡುವಷ್ಟರಲ್ಲಿ ಸಾಹೇಬರು ಅಡ್ಡ ಬಂದರು.

"ಸಾಕು. ಸರಿಯಾಗಿರೋದನ್ನ ಇನ್ನು ಯಾರೂ ಈ ಕಚೇರಿಯೊಳಗೆ ಮುಟ್ಟಕೂಡದು. ಹೊರಗಿನವರು ಹೊರಡಿ."

"ಸಾರ್, ಮುಚ್ಚಳ ಮುಚ್ಚಿದ್ರೆ ಈಗಲೂ ಅಮಾನತೇ ಆಗುತ್ತೆ. ಎಬ್ಬಿಸಿದ್ರೆ ಮತ್ತೆ ಪರದೆ ಕಪ್ಪೇ. ಅದನ್ನ ತೆಗೆದುಬಿಡ್ತೀನಿ, ಒಂದೇ ನಿಮಿಷ."

"ಹೊರಡಿ ಅಂದೆ."

ಸಾಹೇಬರು ಅವನ ಭುಜ ಹಿಡಿದು ಬಾಗಿಲಾಚೆ ದಾಟಿಸಿದರು. ಅವನು ಮೆಟ್ಟಿಲಿಳಿಯುತ್ತ ಕೂಗಿದ: "ಅತ್ತಿಗೆ, ಅಂಗಡೀಲಿ ಗಿರಾಕಿ ಕಾಯ್ತಿದ್ದಾರೆ, ಸಂಜೆ ಮನೆಗೆ ತನ್ನಿ! ಅಲ್ಲೀವರೆಗೆ ಮಾತ್ರ ಮುಚ್ಚಬೇಡಿ!"

ಸಂಜೆಯವರೆಗೆ ಮೇಜಿನ ಮೇಲೆ ತೆರೆದಿಟ್ಟುಕೊಂಡೇ ಕೂತೆ. ಹೆಡ್‌ಕ್ಲರ್ಕ್ ಟೀ ತಂದುಕೊಟ್ಟು, ಮುಚ್ಚಳದ ಸಂದಿಗೆ ತಮ್ಮ ರಬ್ಬರು ಸಿಕ್ಕಿಸಿ ಹೋದರು. ಕಚೇರಿ ಬಿಟ್ಟ ಮೇಲೆ ಅದನ್ನು ತುಂಬಿದ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಬೀದಿಗಿಳಿದೆ. ಜನ ದಾರಿ ಬಿಟ್ಟರು. ಬಸ್ಸಿನ ಬಾಗಿಲಲ್ಲಿ ರಬ್ಬರು ಬಿದ್ದುಹೋಯಿತು. ಬಾಗಿ ಎತ್ತಿಕೊಳ್ಳಲು ಕೈ ಖಾಲಿಯಿರಲಿಲ್ಲ. ಕಿಟಕಿಯ ಪಕ್ಕ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು. ಅವರ ಪಕ್ಕ ಕೂತು, ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡೆ. ಅದು ಬಿಸಿಯಾಗಿತ್ತು. ನಮ್ಮ ಮನೆ ಐದು ಸ್ಟಾಪು. ಎರಡು ಸ್ಟಾಪಿನವರೆಗೆ ರೆಪ್ಪೆ ಮಿಟುಕಿಸಲಿಲ್ಲ. ನಾಳೆ ಬೆಳಗ್ಗೆ ಮೊದಲು ಹೋಗುವುದು ಈರುಳ್ಳಿ ಅಂಗಡಿಗೆ ಎಂದು ಲೆಕ್ಕ ಹಾಕುತ್ತಿದ್ದೆ. ಅವನು ಮತ್ತೆ ಮೇಡಮ್ ಎನ್ನುವುದನ್ನು ಕೇಳಬೇಕಿತ್ತು ನನಗೆ.

ಆ ಹೆಂಗಸು ನನ್ನ ಮುಖ ನೋಡಿದರು, ತೊಡೆ ನೋಡಿದರು. ಪರದೆಯ ಮೇಲೆ ಬ್ಯಾಟರಿ ಕಮ್ಮಿಯಾಗಿದೆ ಎಂದು ಕೆಂಪು ಅಕ್ಷರ ಮೂಡಿತ್ತು.

"ಪಾಪ, ಎಷ್ಟು ದಣಿದಿದ್ದೀಯಮ್ಮಾ," ಎಂದರು. "ಬಸ್ಸಲ್ಲೂ ಕೆಲಸಾನಾ? ಸಾಕು, ಸ್ವಲ್ಪ ಹೊತ್ತು ಆರಾಮಾಗಿರು." ಹಾಗೆಂದು, ಮಗುವಿನ ಮೇಲೆ ಹೊದಿಕೆ ಎಳೆಯುವ ಹಾಗೆ, ಕೈ ಚಾಚಿ ಮುಚ್ಚಳ ಮುಚ್ಚಿದರು.

ಫ್ಯಾನು ನಿಂತಿತು. ಬದಿಯ ದೀಪ ನಿಧಾನವಾಗಿ ಹತ್ತಿತು, ಆರಿತು. ಬ್ಯಾಗಿನಲ್ಲಿ ಫೋನ್ ಬಡಿದುಕೊಳ್ಳತೊಡಗಿತು; ವರದಿ ಆಗಲೇ ಮುಟ್ಟಿತ್ತು. ಹೆಡ್‌ಕ್ಲರ್ಕ್ ಇರಬೇಕು, ಅವರ ಹೊರತು ಇನ್ಯಾರು. ನಾನು ತೆಗೆಯಲಿಲ್ಲ. ಆ ಹೆಂಗಸು ನನ್ನ ಕೈ ಮೇಲೆ ಕೈಯಿಟ್ಟು ತಟ್ಟುತ್ತಿದ್ದರು. ಅವರ ಕೈ ಮೆತ್ತಗಿತ್ತು, ಬೈಯಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ.

"ಮಲಗಿತಾ?" ಎಂದು ಕೇಳಿದರು.

"ಮಲಗಿತು," ಎಂದೆ. ತೊಡೆಯ ಮೇಲಿನ ಬಿಸಿ ಆರುತ್ತ ಬಂತು. ಆ ಯಂತ್ರ ಅಷ್ಟು ಚೆನ್ನಾಗಿ ನಿದ್ದೆ ಹೋದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.